ನವಜಾತ ಶಿಶುವಿನ ಯಕೃತ್ತಿನಲ್ಲಿ ಕೊಬ್ಬಿನ ಬಳಕೆ ಮತ್ತು ಬೆಳವಣಿಗೆ ಅಂಶದ ವಂಶವಾಹಿ: ಅಣ್ಣಿಗೇರಿ ತಾಲ್ಲೂಕಿನ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಗರ್ಭದಲ್ಲಿರುವ ಶಿಶುವಿಗೆ ಹೊಕ್ಕುಳಬಳ್ಳಿಯ ಮೂಲಕ ಮುಖ್ಯವಾಗಿ ಗ್ಲೂಕೋಸ್ ದೊರೆಯುತ್ತಿರುತ್ತದೆ. ಹೆರಿಗೆಯಾದ ಕೂಡಲೇ ಈ ಪೂರೈಕೆಯು ನಿಲ್ಲುತ್ತದೆ. ಆನಂತರ ಶಿಶುವಿಗೆ ತಾಯಿಯ ಹಾಲೇ ಆಧಾರ. ಎದೆಹಾಲಿನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕೊಬ್ಬಿನಿಂದ ಬರುತ್ತದೆ. ಸಕ್ಕರೆಯ ಬದಲು ಕೊಬ್ಬನ್ನು ಬಳಸಿಕೊಳ್ಳುವ ಈ ಮಾರ್ಪಾಡನ್ನು ಯಕೃತ್ತು ಅಲ್ಪಾವಧಿಯಲ್ಲಿಯೇ ನಿರ್ವಹಿಸಬೇಕಾಗುತ್ತದೆ.

ವಂಶವಾಹಿಯ ಪಾತ್ರ

ಈ ಕಾರ್ಯದಲ್ಲಿ ಫೈಬ್ರೋಬ್ಲಾಸ್ಟ್ ಬೆಳವಣಿಗೆ ಅಂಶ-21 (ಎಫ್.ಜಿ.ಎಫ್-21) ಎಂಬ ವಂಶವಾಹಿಯು ಪಾಲ್ಗೊಳ್ಳುತ್ತದೆ. ಇದನ್ನು 2000ನೇ ಇಸವಿಯಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸಂಶೋಧಕರು ಗುರುತಿಸಿದರು. ಮಾನವರಲ್ಲಿ ಇದು 19ನೇ ವರ್ಣತಂತುವಿನಲ್ಲಿದೆ.

2010ರಲ್ಲಿ ಸ್ಪೇನ್ ದೇಶದ ಬಾರ್ಸಿಲೋನಾದ ಸಂಶೋಧಕರು ಇಲಿಮರಿಗಳ ಮೇಲೆ ನಡೆಸಿದ ಅಧ್ಯಯನವು ಈ ಕೆಳಗಿನ ಅಂಶಗಳನ್ನು ತಿಳಿಸುತ್ತದೆ:

1. ಜನನದ ನಂತರ ಮರಿಯು ಹಾಲು ಕುಡಿಯಲಾರಂಭಿಸಿದಾಗ ಯಕೃತ್ತಿನಲ್ಲಿ ಈ ವಂಶವಾಹಿಯ ಚಟುವಟಿಕೆಯು ತೀವ್ರವಾಗಿ ಹೆಚ್ಚುತ್ತದೆ. ಇದಕ್ಕೆ ಹಾಲಿನಲ್ಲಿರುವ ಕೊಬ್ಬು ಅವಶ್ಯಕ.
2. ಕೊಬ್ಬಿನಾಮ್ಲಗಳನ್ನು ಗ್ರಹಿಸುವ ಪಿಪಿಎಆರ್-ಆಲ್ಫಾ ಎಂಬ ನಿಯಂತ್ರಕವು ಈ ವಂಶವಾಹಿಯನ್ನು ಪ್ರಚೋದಿಸುತ್ತದೆ. ಯಕೃತ್ತು ಕೊಬ್ಬನ್ನು ದಹಿಸಿ ಕೀಟೋನ್‌ಗಳನ್ನು ತಯಾರಿಸುವ ಕಾರ್ಯವನ್ನು ನಡೆಸುವುದೂ ಇದೇ ನಿಯಂತ್ರಕ. ಕೀಟೋನ್‌ಗಳು ಮೆದುಳಿಗೂ ಇಂಧನವಾಗುತ್ತವೆ.
3. ಯಕೃತ್ತಿನಿಂದ ರಕ್ತಕ್ಕೆ ಸೇರುವ ಎಫ್.ಜಿ.ಎಫ್-21, ಕಂದು ಕೊಬ್ಬನ್ನು ತಲುಪಿ ಶಾಖೋತ್ಪಾದನೆಯನ್ನು ಹೆಚ್ಚಿಸುತ್ತದೆ. ಹಸಿದ ಮರಿಗಳಿಗೆ ಇದನ್ನು ಚುಚ್ಚುಮದ್ದಿನ ಮೂಲಕ ನೀಡಿದಾಗ ಅವುಗಳ ದೇಹದ ಉಷ್ಣತೆಯು ಏರಿತು.

ಉಪವಾಸದ ಪರಿಣಾಮ

ವಯಸ್ಕ ಇಲಿಗಳಲ್ಲಿ ಉಪವಾಸವು ಈ ವಂಶವಾಹಿಯನ್ನು ಎಚ್ಚರಿಸುತ್ತದೆ. ನವಜಾತ ಮರಿಗಳಲ್ಲಿ ಇದಕ್ಕೆ ವಿರುದ್ಧವಾಗಿ, ಉಪವಾಸದಿಂದ ಅದರ ಚಟುವಟಿಕೆಯು ಕುಗ್ಗುತ್ತದೆ. ಬೆಳೆದವರ ದೇಹವು ಕೂಡಿಟ್ಟ ಕೊಬ್ಬಿನಿಂದ ನಿಭಾಯಿಸಿಕೊಳ್ಳುತ್ತದೆ; ಹಸುಳೆಗೆ ಹಾಲಿನ ಕೊಬ್ಬೇ ಬೇಕು. ಶಿಶುವು ದೊಡ್ಡವರಂತೆ ನಡುಗಿ ಮೈ ಕಾಯಿಸಿಕೊಳ್ಳಲಾರದು. ಆದುದರಿಂದ ಹಾಲು ತಡವಾದರೆ ಇಂಧನದ ಕೊರತೆಯೊಂದಿಗೆ ಮೈ ತಣ್ಣಗಾಗುವ ಅಪಾಯವೂ ಇರುತ್ತದೆ. ಅವಧಿಪೂರ್ವ ಹಾಗೂ ಕಡಿಮೆ ತೂಕದ ಶಿಶುಗಳಲ್ಲಿ ಈ ಅಪಾಯವು ಹೆಚ್ಚು.

ಮೇಲ್ಕಂಡ ವಿವರಗಳು ಇಲಿಗಳ ಅಧ್ಯಯನದಿಂದ ದೊರೆತವು. ಮಾನವ ಶಿಶುಗಳಲ್ಲಿಯೂ ಎಫ್.ಜಿ.ಎಫ್-21 ಪ್ರಮಾಣವು ಜನನದ ವೇಳೆ ಕಡಿಮೆಯಿದ್ದು, ಮುಂದಿನ ತಿಂಗಳುಗಳಲ್ಲಿ ಏರುವುದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದಿದೆ. ಆರೋಗ್ಯವಂತ ಶಿಶುವಿಗೆ ಈ ವಂಶವಾಹಿಯ ಯಾವುದೇ ಪರೀಕ್ಷೆಯ ಅವಶ್ಯಕತೆ ಇರುವುದಿಲ್ಲ.

ಕುಟುಂಬದವರು ಪಾಲಿಸಬೇಕಾದ ಕ್ರಮಗಳು

1. ಹೆರಿಗೆಯಾದ ಒಂದು ಗಂಟೆಯೊಳಗೆ ತಾಯಿಯ ಹಾಲನ್ನು ಕುಡಿಸತಕ್ಕದ್ದು. ಮೊದಲ ಹಳದಿ ಹಾಲನ್ನು (ಗಿಣ್ಣುಹಾಲು) ಹಿಂಡಿ ಚೆಲ್ಲಬಾರದು.
2. ಜೇನುತುಪ್ಪ, ಸಕ್ಕರೆ ನೀರು ಮುಂತಾದವುಗಳನ್ನು ನೆಕ್ಕಿಸಬಾರದು. ಇವುಗಳಲ್ಲಿ ಹಾಲಿನ ಕೊಬ್ಬು ಇರುವುದಿಲ್ಲ. ಸೋಂಕಿನ ಭಯವೂ ಇದೆ.
3. ಶಿಶುವನ್ನು ಒರೆಸಿ, ತಾಯಿಯ ಎದೆಗೆ ಮೈತಾಗುವಂತೆ ಮಲಗಿಸಿ, ಬಟ್ಟೆ ಹೊದಿಸುವುದು. ಮೊದಲ 24 ಗಂಟೆಗಳವರೆಗೆ ಸ್ನಾನ ಮಾಡಿಸಬಾರದು.
4. ಶಿಶುವಿನ ದೇಹದ ಉಷ್ಣತೆಯು 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಮೈ ತಣ್ಣಗಿದ್ದು ಹಾಲು ಕುಡಿಯದಿದ್ದಲ್ಲಿ, ಮಂಪರಿನಲ್ಲಿದ್ದಲ್ಲಿ ಅಥವಾ ಉಸಿರಾಟವು ವೇಗವಾಗಿದ್ದಲ್ಲಿ ತಕ್ಷಣವೇ ವೈದ್ಯರಿಗೆ ತೋರಿಸುವುದು.

ದೊರೆಯುವ ಸೌಲಭ್ಯಗಳು

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧಿ, ಆಹಾರ ಹಾಗೂ ವಾಹನ ಸೌಲಭ್ಯವನ್ನು ಉಚಿತವಾಗಿ ಒದಗಿಸಲಾಗುತ್ತದೆ. ಅಸ್ವಸ್ಥ ಶಿಶುವಿಗೆ ಒಂದು ವರ್ಷದವರೆಗೆ ಚಿಕಿತ್ಸೆಯು ಉಚಿತ. ಇದಕ್ಕೆ ಆದಾಯದ ಮಿತಿ ಇರುವುದಿಲ್ಲ. ಆಸ್ಪತ್ರೆಗೆ ಬರುವಾಗ ತಾಯಿ ಕಾರ್ಡನ್ನು ತರುವುದು.

ಆಸ್ಪತ್ರೆಯಲ್ಲಿ ಹೆರಿಗೆಯಾದಲ್ಲಿ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನಗಳಂದು ಮನೆಗೆ ಭೇಟಿ ನೀಡುತ್ತಾರೆ. ಹಾಲು ಕುಡಿಯುವ ರೀತಿ, ತೂಕ ಹಾಗೂ ಮೈಬಿಸಿಯ ಬಗ್ಗೆ ಅವರಲ್ಲಿ ವಿಚಾರಿಸಬಹುದು. ತುರ್ತು ಸಂದರ್ಭದಲ್ಲಿ 108ಕ್ಕೆ ಕರೆ ಮಾಡುವುದು. ಹೆಚ್ಚಿನ ಚಿಕಿತ್ಸೆ ಬೇಕಾದ ಶಿಶುಗಳಿಗೆ ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದು ಪರಿಚಿತವಾದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ದಾರಿಯಲ್ಲಿಯೂ ಶಿಶುವನ್ನು ತಾಯಿಯ ಎದೆಗೆ ಒತ್ತಿಕೊಂಡೇ ಕರೆದೊಯ್ಯತಕ್ಕದ್ದು.

ಸಾರ್ವಜನಿಕರು ಈ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.