ಹತ್ತು ಗೆಣ್ಣು, ಎಂಟು ಊರು

ಲಾಸ್ ಏಂಜಲೀಸಿನ ಮಗ್ಗುಲಲ್ಲಿರುವ ವೆಸ್ಟ್ ಹಾಲಿವುಡ್ ಎರಡು ಚದರ ಮೈಲಿಯೂ ಇಲ್ಲದ ಊರು. 2003ರಲ್ಲಿ ಅದರ ನಗರಸಭೆ ಬೆಕ್ಕಿನ ಉಗುರು ತೆಗೆಸುವುದನ್ನು ನಿಷೇಧಿಸಿತು. ಕಾಯಿಲೆಗೆ ಚಿಕಿತ್ಸೆಯಾಗಿ ಮಾಡುವುದಕ್ಕೆ ಮಾತ್ರ ವಿನಾಯಿತಿ. ಉತ್ತರ ಅಮೆರಿಕದಲ್ಲಿ ಇಂಥ ಕಾನೂನು ಅದೇ ಮೊದಲು.

ಉಗುರು ತೆಗೆಯುವುದು ಎಂಬ ಮಾತೇ ಮೋಸದ್ದು. ಬೆಕ್ಕಿನ ಉಗುರು ಬೆರಳಿನ ಕೊನೆಯ ಮೂಳೆಯಿಂದಲೇ ಬೆಳೆಯುತ್ತದೆ. ಮತ್ತೆ ಚಿಗುರಬಾರದೆಂದರೆ ಆ ಗೆಣ್ಣನ್ನೇ ಕತ್ತರಿಸಬೇಕು. ಮುಂಗಾಲೆರಡಕ್ಕೆ ಹತ್ತು ಗೆಣ್ಣು, ಅದೂ ಬೆರಳೂರಿ ನಡೆಯುವ ಪ್ರಾಣಿಗೆ. ಕಾರಣ ಹೆಚ್ಚಾಗಿ ಸೋಫಾ.

ಈ ಹೋರಾಟದ ಮುಂಚೂಣಿಯಲ್ಲಿದ್ದವರು ಜೆನಿಫರ್ ಕಾನ್ರಾಡ್ ಎಂಬ ಪಶುವೈದ್ಯೆ. ಉಗುರು ಕಳೆದುಕೊಂಡು ಕುಂಟುತ್ತಿದ್ದ ಹುಲಿ, ಸಿಂಹಗಳ ಪಂಜಕ್ಕೆ ಶಸ್ತ್ರಚಿಕಿತ್ಸೆ ಮಾಡಿದ್ದವರು. ಎದುರು ನಿಂತದ್ದು ಅವರದೇ ವೃತ್ತಿಯವರ ಸಂಘ, ಕ್ಯಾಲಿಫೋರ್ನಿಯಾ ಪಶುವೈದ್ಯರ ಸಂಘ. ವೈದ್ಯರಿಗೆ ಪರವಾನಗಿ ಕೊಡುವುದು ರಾಜ್ಯ, ಯಾವ ಶಸ್ತ್ರಕ್ರಿಯೆ ಮಾಡಬಾರದೆನ್ನಲು ನಗರಸಭೆ ಯಾರು? ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಊರಿಗೊಂದು ವೈದ್ಯನಿಯಮವಾದರೆ ಕಷ್ಟವೇ. ಉಗುರು ತೆಗೆಸಲಾಗದವರು ಬೆಕ್ಕನ್ನೇ ಹೊರಹಾಕಿಯಾರು ಎಂಬ ಅಂಜಿಕೆಯೂ ಇಂಥ ಕಾನೂನನ್ನು ವಿರೋಧಿಸುವ ವೈದ್ಯರಲ್ಲಿತ್ತು. ಆದರೆ ಬೆಕ್ಕನ್ನು ಉಳಿಸಿಕೊಳ್ಳಲು ಅದರ ಬೆರಳನ್ನೇ ಬೆಲೆಯಾಗಿ ಕೇಳುವುದು ಎಂಥ ವ್ಯವಹಾರ?

ಕೆಳ ನ್ಯಾಯಾಲಯ ಸಂಘದ ಪರ ತೀರ್ಪಿತ್ತಿತು. 2007ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿ ಊರಿನ ನಿಷೇಧವನ್ನು ಎತ್ತಿಹಿಡಿಯಿತು.

ಆಗ ಸಂಘ ಶಾಸನಸಭೆಯ ಬಾಗಿಲಿಗೆ ಹೋಯಿತು. ಪರವಾನಗಿ ಪಡೆದವರ ವೃತ್ತಿಕೆಲಸವನ್ನು ನಗರಗಳು ನಿಷೇಧಿಸಕೂಡದು ಎಂಬ ಮಸೂದೆ 2009ರಲ್ಲಿ ಪಾಸಾಯಿತು. ಜಾರಿ 2010ರ ಜನವರಿ 1ರಿಂದ; ಅದಕ್ಕೆ ಮೊದಲೇ ಆದ ನಿಷೇಧಗಳಿಗೆ ಬಾಧಕವಿಲ್ಲ. ಚಾಪೆ ಕೆಳಗೆ ತೂರಿದವರ ಎದುರು ರಂಗೋಲಿ ಕೆಳಗೆ ತೂರುವವರು ಎದ್ದುಬಂದರು. ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ, ಬರ್ಕ್ಲಿ, ಸಾಂಟಾ ಮೋನಿಕಾ, ಬರ್ಬ್ಯಾಂಕ್, ಬೆವರ್ಲಿ ಹಿಲ್ಸ್, ಕಲ್ವರ್ ಸಿಟಿ: ಏಳು ನಗರಗಳು ಗಡುವು ಮುಗಿಯುವ ಮುನ್ನ ಅವಸರದಲ್ಲಿ ನಿಷೇಧ ಹೊರಡಿಸಿದವು. ತಡೆಯಲೆಂದು ತಂದ ಕಾನೂನೇ ಅವುಗಳನ್ನು ಓಡಿಸಿತ್ತು. ಅದು ಬರದಿದ್ದರೆ ಇಷ್ಟು ಊರುಗಳು ಒಂದೇ ವರ್ಷದಲ್ಲಿ ಬೆಕ್ಕಿನ ಬಗ್ಗೆ ಯೋಚಿಸುತ್ತಿದ್ದವೇ, ಅನುಮಾನ.

ಇಡೀ ರಾಜ್ಯವೊಂದು ಈ ಹೆಜ್ಜೆಯಿಡಲು ಇನ್ನೂ ಹತ್ತು ವರ್ಷ ಬೇಕಾಯಿತು. 2019ರ ಜುಲೈನಲ್ಲಿ ನ್ಯೂಯಾರ್ಕ್ ರಾಜ್ಯದ ನಿಷೇಧಕ್ಕೆ ಗವರ್ನರ್ ಆಂಡ್ರ್ಯೂ ಕ್ಯೂಮೊ ಸಹಿ ಹಾಕಿದರು. ಅಲ್ಲಿನ ಪಶುವೈದ್ಯರ ಸಂಘವೂ ವಿರೋಧಿಸಿತ್ತು. ಆದರೆ ಈ ಸಲ ಬೇಡವೆಂದದ್ದು ಪರವಾನಗಿ ಕೊಡುವ ರಾಜ್ಯವೇ. ದಂಡ ಒಂದು ಸಾವಿರ ಡಾಲರ್‌ವರೆಗೆ.