ಹವ್ಯಾಸಿ ಗಾಲ್ಫ್ ಆಟಗಾರರ ಪಟಿಂಗ್: ಅಡಿಕೆ ಅಂಗಳದಿಂದ ಗ್ರೀನ್‌ವರೆಗೆ

ಗಾಲ್ಫ್ ಆಟದಲ್ಲಿ ಚೆಂಡನ್ನು ಗಾಳಿಯಲ್ಲಿ ಹಾರಿಸದೆ, ನಯವಾಗಿ ಕತ್ತರಿಸಿದ ಹುಲ್ಲುಹಾಸಿನ ಮೇಲೆ ಉರುಳಿಸಿ ಗುಳಿಗೆ ಸೇರಿಸುವ ಹೊಡೆತಕ್ಕೆ ಪಟಿಂಗ್ ಎಂದು ಹೆಸರು. ಗುಳಿಯ ಸುತ್ತಲಿನ ಆ ಹುಲ್ಲುಹಾಸೇ ಗ್ರೀನ್. ಅಲ್ಲಿ ಬಳಸುವ ಚಪ್ಪಟೆ ಮುಖದ ಕೋಲು ಪಟರ್. 18 ಗುಳಿಗಳ, 72 ಪಾರ್‌ನ ಮೈದಾನದಲ್ಲಿ ಗುಳಿಯೊಂದಕ್ಕೆ ಎರಡರಂತೆ 36 ಹೊಡೆತಗಳನ್ನು ಗ್ರೀನ್‌ಗೆಂದೇ ಲೆಕ್ಕ ಹಿಡಿಯಲಾಗುತ್ತದೆ. ಗುಳಿಯ ವ್ಯಾಸ 108 ಮಿ.ಮೀ., ಚೆಂಡಿನದು ಕನಿಷ್ಠ 42.67 ಮಿ.ಮೀ. ಈ ಅಳತೆಗಳನ್ನು ನೋಡಿದರೆ ಕೆಲಸ ಸುಲಭವೆನಿಸುತ್ತದೆ. ಆದರೆ 200 ಗಜ ದೂರದಿಂದ ಚೆಂಡನ್ನು ಗ್ರೀನ್ ಮೇಲಿಳಿಸಿದ ಆಟಗಾರನೇ ನಾಲ್ಕಡಿ ದೂರದಲ್ಲಿ ತಡವರಿಸುವುದು ಈ ಆಟದ ನಿತ್ಯದ ದೃಶ್ಯವಾಗಿದೆ.

ಪಟಿಂಗ್‌ನ ಬೆಲೆಯನ್ನು ಕನ್ನಡಿಗರಿಗೆ ಮನಗಾಣಿಸಿದವರು ಬೆಂಗಳೂರಿನ ಅದಿತಿ ಅಶೋಕ್. ಐದನೆಯ ವಯಸ್ಸಿನಲ್ಲಿ ಕೋಲು ಹಿಡಿದ ಅವರು 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ಗೆ ಹೋದಾಗ ವಿಶ್ವ ಶ್ರೇಯಾಂಕದಲ್ಲಿ 200ನೆಯವರಾಗಿದ್ದರು. ಚೆಂಡನ್ನು ದೂರ ಹೊಡೆಯುವುದರಲ್ಲಿ ಅವರು ಅಲ್ಲಿನ ಸ್ಪರ್ಧಿಗಳ ಪೈಕಿ ಬಹುತೇಕ ಎಲ್ಲರಿಗಿಂತ ಹಿಂದಿದ್ದರು. ಆದರೂ 67, 66, 68, 68ರ ನಾಲ್ಕು ಸುತ್ತುಗಳನ್ನಾಡಿ, ಪಾರ್‌ಗಿಂತ 15 ಕಡಿಮೆ ಹೊಡೆತಗಳಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಅವರನ್ನು ಅಲ್ಲಿಯವರೆಗೆ ಕೊಂಡೊಯ್ದದ್ದು ಪಟರ್. ಕೊನೆಯ ಗುಳಿಯಲ್ಲಿ ದೂರದಿಂದ ಉರುಳಿಸಿದ ಚೆಂಡು ಗುಳಿಗೆ ಬೀಳಲಿಲ್ಲ. ಕಂಚಿನ ಪದಕಕ್ಕೂ ಅವರಿಗೂ ನಡುವೆ ಉಳಿದ ಅಂತರ ಒಂದೇ ಹೊಡೆತ. ಅಂದು ಅವರ ಕ್ಯಾಡಿಯಾಗಿ ಚೀಲ ಹೊತ್ತವರು ತಾಯಿ ಮಹೇಶ್ವರಿ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಅದಿತಿ ಮೂರನೆಯ ಸುತ್ತಿನಲ್ಲಿ 61 ಹೊಡೆತಗಳಿಗೆ ಆಟ ಮುಗಿಸಿ ಏಳು ಹೊಡೆತಗಳ ಮುನ್ನಡೆ ಪಡೆದಿದ್ದರು. ಕೊನೆಯ ದಿನ 77 ಹೊಡೆತಗಳಾಗಿ ಬೆಳ್ಳಿಗೆ ತೃಪ್ತಿಪಡಬೇಕಾಯಿತು. ಹಾಗಿದ್ದರೂ ಏಷ್ಯನ್ ಕೂಟದ ಗಾಲ್ಫ್‌ನಲ್ಲಿ ಪದಕ ಗೆದ್ದ ಭಾರತದ ಮೊದಲ ಮಹಿಳೆ ಅವರೇ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹವ್ಯಾಸಿಗಳಿಗೆ ಗಾಲ್ಫ್ ಎಂದರೆ ಪ್ರಯಾಣ. ಒಂದೋ ಮಂಗಳೂರು ಹೊರವಲಯದ ಪಿಲಿಕುಳಕ್ಕೆ ಇಳಿಯಬೇಕು, ಇಲ್ಲವೇ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗಬೇಕು. ಬೆಂಗಳೂರಿನಲ್ಲಿ ನೆಲೆಸಿದವರ ಪಾಡೂ ಬಹಳ ಭಿನ್ನವಲ್ಲ. 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ ನಗರದ ನಡುವೆಯೇ ಇದ್ದರೂ ಸದಸ್ಯತ್ವ ಎಲ್ಲರ ಕೈಗೆಟಕುವಂಥದ್ದಲ್ಲ. ಮೈದಾನ ದೂರವಿದ್ದವರು ಮನೆಯಲ್ಲಿಯೇ ಸುಧಾರಿಸಿಕೊಳ್ಳಬಹುದಾದ ಭಾಗ ಈ ಆಟದಲ್ಲಿ ಪಟಿಂಗ್ ಒಂದೇ ಎನ್ನಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಟಿಂಗ್ ಸರಿಹೋದರೆ ಸಕಲವೂ ಸರಿಹೋಗುತ್ತದೆ ಎಂಬ ಹಳೆಯ ಮಾತನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರೋಡಿ ಅಂಕಿಅಂಶಗಳ ಬಲದಿಂದ ಪ್ರಶ್ನಿಸಿದ್ದಾರೆ. ಅವರ ಲೆಕ್ಕದಂತೆ ಅಗ್ರ ವೃತ್ತಿಪರರ ಮೇಲುಗೈಯಲ್ಲಿ ಪಟಿಂಗ್‌ನ ಪಾಲು ಸುಮಾರು ಶೇ. 15 ಮಾತ್ರ, ಹೆಚ್ಚಿನ ಪಾಲು ದೂರದ ಹೊಡೆತಗಳದ್ದು. ಇನ್ನೂ ಉಪಯುಕ್ತವಾದುದು ಯಶಸ್ಸಿನ ಪ್ರಮಾಣ. ಅಮೆರಿಕದ ವೃತ್ತಿಪರರು ಮೂರಡಿಯಿಂದ ಬಹುತೇಕ ತಪ್ಪುವುದಿಲ್ಲ. ಎಂಟು ಅಡಿಯಿಂದ ಅರ್ಧದಷ್ಟು ಬಾರಿ ಮಾತ್ರ ಗೆಲ್ಲುತ್ತಾರೆ. 20 ಅಡಿಯಿಂದ ಸುಮಾರು ಶೇ. 15. ವಾರಕ್ಕೊಮ್ಮೆ ಆಡುವವರು ಹತ್ತಡಿಯ ಪಟ್ ತಪ್ಪಿತೆಂದು ಕೋಲು ನೆಲಕ್ಕೆ ಕುಕ್ಕುವುದು ಅನಗತ್ಯ. ಅವರ ಅಂಕಪಟ್ಟಿಯನ್ನು ಕೆಡಿಸುವುದು ಅದಲ್ಲ, 30 ಅಡಿಯಿಂದ ಮೂರು ಹೊಡೆತ ತೆಗೆದುಕೊಳ್ಳುವ ದುರಭ್ಯಾಸ.

ಈ ಕಾರಣದಿಂದ ದಿಕ್ಕಿಗಿಂತ ವೇಗವೇ ಮೊದಲು ಕಲಿಯಬೇಕಾದ ಪಾಠ. ದೂರದ ಪಟ್‌ನಲ್ಲಿ ದಿಕ್ಕು ಒಂದಡಿ ತಪ್ಪಬಹುದು, ವೇಗ ತಪ್ಪಿದರೆ ಆರೇಳು ಅಡಿ ಹೋದಂತೆ. ಗುಳಿಯ ಸುತ್ತ ಮೂರಡಿಯ ವೃತ್ತವೊಂದನ್ನು ಕಲ್ಪಿಸಿಕೊಂಡು ಚೆಂಡನ್ನು ಅದರೊಳಗೆ ನಿಲ್ಲಿಸುವುದೇ ಗುರಿಯಾಗಬೇಕು. ಅಭ್ಯಾಸವೂ ಹಾಗೆಯೇ: 20, 30, 40 ಅಡಿಗಳಿಂದ ಒಂದೊಂದೇ ಚೆಂಡು ಹೊಡೆಯಬೇಕು, ಒಂದೇ ಜಾಗದಿಂದ ಹತ್ತು ಚೆಂಡು ಹೊಡೆದರೆ ಕೈಗೆ ಆ ಒಂದು ದೂರವಷ್ಟೇ ರೂಢಿಯಾಗುತ್ತದೆ. ಜೋರಾಗಿ ಬಂದ ಚೆಂಡಿಗೆ ಗುಳಿಯ ನಡುಭಾಗವಷ್ಟೇ ಬಾಯಿ ತೆರೆದಿರುತ್ತದೆ. ಮೆಲ್ಲನೆ ಬಂದ ಚೆಂಡು ಅಂಚಿನಿಂದಲೂ ಒಳಗೆ ಬೀಳುತ್ತದೆ. ಆದರೆ ತೀರಾ ಮೆಲ್ಲನೆ ಬಂದದ್ದು ಗುಳಿಯ ಬಳಿಯ ಸಣ್ಣ ಏರಿಳಿತಕ್ಕೂ ವಾಲುತ್ತದೆ. ತಪ್ಪಿದರೆ ಗುಳಿಯಿಂದ ಒಂದು, ಒಂದೂವರೆ ಅಡಿ ಆಚೆ ನಿಲ್ಲುವ ವೇಗ ಒಳ್ಳೆಯದೆಂದು ಬಹಳಷ್ಟು ತರಬೇತುದಾರರ ಅಭಿಪ್ರಾಯ.

ಗ್ರೀನ್‌ನ ವೇಗ ದಿನದಿನಕ್ಕೆ ಬದಲಾಗುತ್ತದೆ. ಅದನ್ನು ಅಳೆಯುವ ಸ್ಟಿಂಪ್‌ಮೀಟರ್ ಎಂಬ ಸರಳ ಪಟ್ಟಿಯನ್ನು ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ರೂಪಿಸಿದರು. ಅದರಿಂದ ಜಾರಿದ ಚೆಂಡು ಎಷ್ಟು ಅಡಿ ಉರುಳಿತೆಂಬುದೇ ವೇಗದ ಅಂಕ. ಕರಾವಳಿಯ ಮಳೆಗಾಲದಲ್ಲಿ ಹುಲ್ಲು ಒದ್ದೆಯಾಗಿ ಚೆಂಡು ಬೇಗ ನಿಲ್ಲುತ್ತದೆ, ಜನವರಿಯ ಒಣ ಮಧ್ಯಾಹ್ನ ಅದೇ ಹೊಡೆತ ದಾಟಿ ಹೋಗುತ್ತದೆ. ಬೆಚ್ಚಗಿನ ನಾಡುಗಳ ಗ್ರೀನ್‌ಗಳಲ್ಲಿ ಬಳಸುವ ಬರ್ಮುಡಾ ಹುಲ್ಲು ಬೇರೇನೂ ಅಲ್ಲ, ಗಣಪತಿಗೆ ಏರಿಸುವ ನಮ್ಮ ಗರಿಕೆಯ ಕುಲದ್ದೇ. ಅದರ ಎಸಳು ಒಂದು ಕಡೆಗೆ ವಾಲಿ ಬೆಳೆಯುತ್ತದೆ. ವಾಲಿದ ದಿಕ್ಕಿಗೆ ನೋಡಿದರೆ ಹುಲ್ಲು ಮಿನುಗುತ್ತದೆ, ಚೆಂಡು ಬೇಗ ಓಡುತ್ತದೆ. ಎದುರಿನಿಂದ ನೋಡಿದರೆ ಮಂಕಾಗಿ ಕಾಣುತ್ತದೆ, ಚೆಂಡು ತಡೆಯುತ್ತದೆ.

ಇಳಿಜಾರು ಓದುವುದನ್ನು ಮಲೆನಾಡ ಸೆರಗಿನವರಿಗೆ ಹೇಳಿಕೊಡಬೇಕಿಲ್ಲ. ಗ್ರೀನ್ ಮೇಲೆ ಕೊಡಪಾನ ನೀರು ಸುರಿದರೆ ಅದು ಯಾವ ಕಡೆ ಹರಿದೀತು ಎಂದು ಕೇಳಿಕೊಂಡರೆ ಸಾಕು, ಚೆಂಡೂ ಅತ್ತಲೇ ತಿರುಗುತ್ತದೆ. ಕಣ್ಣಿಗಿಂತ ಪಾದ ನಂಬಿಗಸ್ತ. ನಡೆಯುವಾಗ ಯಾವ ಕಾಲಿಗೆ ಭಾರ ಬೀಳುತ್ತದೆ ಎಂಬುದನ್ನು ಗಮನಿಸಬೇಕು. ಹವ್ಯಾಸಿಗಳು ತಿರುವನ್ನು ಇರುವುದಕ್ಕಿಂತ ಕಡಿಮೆ ಅಂದಾಜಿಸುತ್ತಾರೆ. ಅವರ ಚೆಂಡು ಹೆಚ್ಚಾಗಿ ಗುಳಿಯ ಕೆಳಬದಿಯಲ್ಲೇ ಜಾರಿಹೋಗುತ್ತದೆ.

ನಿಲುವಿನ ಬಗ್ಗೆ ಪುಸ್ತಕಗಳು ಹೇಳುವ ಬಹುಪಾಲನ್ನು ಮರೆಯಬಹುದು. ಕಣ್ಣು ಚೆಂಡಿನ ನೇರಕ್ಕೆ ಅಥವಾ ಸ್ವಲ್ಪ ಒಳಗಿರಲಿ. ಮೂಗಿನ ಮೇಲ್ತುದಿಯಿಂದ ಇನ್ನೊಂದು ಚೆಂಡು ಬೀಳಿಸಿ ಇದನ್ನು ಪರೀಕ್ಷಿಸಬಹುದು. ಹಿಡಿತ ಸಡಿಲವಾಗಿದ್ದು, ಮಣಿಕಟ್ಟು ಆಡದೆ ಹೆಗಲು ತೂಗಬೇಕು. ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುವುದು ಪಟರ್ ಮುಖದ ನೇರವೇ ಹೊರತು ಕೋಲು ಸಾಗಿದ ದಾರಿಯಲ್ಲ.

ಈ ಮುಖದ ನೇರವನ್ನು ತಿದ್ದಲು ಜಗಲಿಯ ನೆಲ ಸಾಕು. ಪಟರ್ ತಲೆಗಿಂತ ತುಸು ಅಗಲವಾಗಿ ಎರಡು ಬೆಂಕಿಪೆಟ್ಟಿಗೆ ಇಟ್ಟು ಅವು ಅಲುಗದಂತೆ ನಡುವೆ ಹೊಡೆಯುವುದು ಒಂದು ಕ್ರಮ. ಆರಡಿ ಆಚೆ ಮಲಗಿಸಿದ ಕುಡಿಯುವ ಲೋಟ ಗುಳಿಯಾಗುತ್ತದೆ. ಅದರ ಬಾಯಿ ನಿಜವಾದ ಗುಳಿಗಿಂತ ಚಿಕ್ಕದಾದ ಕಾರಣ ಮೈದಾನದಲ್ಲಿ ಗುಳಿ ದೊಡ್ಡದಾಗಿ ಕಾಣುವ ಲಾಭವಿದೆ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳಕ್ಕೆ ನೀರು ಹರಿಯಲೆಂದು ಕೊಟ್ಟ ಸಣ್ಣ ವಾಟವಿರುತ್ತದೆ. ತಿರುವು ಅಭ್ಯಸಿಸಲು ಅದು ಅನುಕೂಲ. ಆದರೆ ಸಿಮೆಂಟ್ ಯಾವ ಗ್ರೀನ್‌ಗಿಂತಲೂ ವೇಗ, ಅಲ್ಲಿ ಕಲಿತ ದೂರದ ಅಂದಾಜನ್ನು ಪಿಲಿಕುಳಕ್ಕೆ ಒಯ್ಯಬಾರದು. ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ ಹಿಡಿಯುವುದರಿಂದ ಜಗಲಿಯೇ ಗತಿ. ಬೇಸಗೆಯಲ್ಲಂತೂ ಅಂಗಳ ಅಡಿಕೆಯದ್ದು; ಮನೆಯ ಹಿರಿಯರ ಅನುಮತಿಯಿಲ್ಲದೆ ಅಲ್ಲಿ ಚೆಂಡು ಉರುಳಿಸುವುದು ಕ್ಷೇಮವಲ್ಲ.

ಕೈ ನಡುಗಿ ಸಣ್ಣ ಪಟ್ ತಪ್ಪುವ 'ಯಿಪ್ಸ್' ಎಂಬ ತೊಂದರೆ ಅನುಭವಿಗಳನ್ನೂ ಬಿಟ್ಟಿಲ್ಲ. ಜರ್ಮನಿಯ ಬರ್ನ್‌ಹಾರ್ಡ್ ಲಾಂಗರ್ ಇದರಿಂದ ಹಲವು ಬಾರಿ ಬಳಲಿ, ಹಿಡಿತವನ್ನು ಮತ್ತೆ ಮತ್ತೆ ಬದಲಿಸಿಕೊಂಡರೂ 1985 ಮತ್ತು 1993ರಲ್ಲಿ ಮಾಸ್ಟರ್ಸ್ ಗೆದ್ದರು. ಕೈಗಳ ಸ್ಥಾನ ಅದಲುಬದಲು ಮಾಡುವುದು ಇಂದಿಗೂ ಮೊದಲ ಮದ್ದು. ಉದ್ದನೆಯ ಪಟರನ್ನು ಎದೆ ಅಥವಾ ಹೊಟ್ಟೆಗೆ ಊರಿ ಹೊಡೆಯುವುದನ್ನು ಮಾತ್ರ 2016ರ ಜನವರಿ 1ರಿಂದ ನಿಷೇಧಿಸಲಾಗಿದೆ.

2019ರ ನಿಯಮಗಳು ಹವ್ಯಾಸಿಗೆ ಕೆಲವು ರಿಯಾಯಿತಿ ನೀಡಿವೆ. ಬಾವುಟದ ಕೋಲನ್ನು ಗುಳಿಯಲ್ಲೇ ಬಿಟ್ಟು ಪಟ್ ಮಾಡಬಹುದು, ಬೂಟಿನ ಮೊಳೆಯ ಗುರುತುಗಳನ್ನು ಸರಿಪಡಿಸಬಹುದು, ಗ್ರೀನ್ ಮೇಲೆ ಅಕಸ್ಮಾತ್ ಚೆಂಡು ಅಲುಗಿದರೆ ದಂಡವಿಲ್ಲ, ಮತ್ತೆ ಅಲ್ಲೇ ಇಡಬೇಕು. ಆಟದ ನಡುವೆ ಚೆಂಡು ಉರುಳಿಸಿ ಅಥವಾ ಹುಲ್ಲು ಉಜ್ಜಿ ಗ್ರೀನ್ ಪರೀಕ್ಷಿಸುವುದು ಮಾತ್ರ ತಪ್ಪು. ಆದರೆ ಒಂದು ಗುಳಿಯ ಆಟ ಮುಗಿಸಿದ ಬಳಿಕ ಅದೇ ಗ್ರೀನ್‌ನಲ್ಲಿ ಆಟ ತಡವಾಗದಂತೆ ಪಟಿಂಗ್ ಅಭ್ಯಾಸ ಮಾಡಲು, ಸ್ಪರ್ಧೆಯ ಸಮಿತಿ ನಿರ್ಬಂಧಿಸದಿದ್ದರೆ, ಅವಕಾಶವಿದೆ. ಘಾಟಿ ಹತ್ತಿ ಬಂದವರು ಸುತ್ತು ಆರಂಭಿಸುವ ಮುನ್ನ 15 ನಿಮಿಷ ಅಭ್ಯಾಸದ ಗ್ರೀನ್ ಮೇಲೆ ಕಳೆದರೆ ಆ ದಿನದ ವೇಗ ಕೈಗೆ ಹತ್ತುತ್ತದೆ.