ಬುತ್ತಿ ಕಟ್ಟಿದವರ ಹಾದಿ



ನಿಲಂಗಾ, ಉದಗೀರ, ಉಮರ್ಗಾ ಈ ಮೂರೂ ತಾಲೂಕುಗಳು ಕಡಲು ಕಾಣದ ಸೀಮೆ. ನಮ್ಮನ್ನು ಆಳಿದ ಹೈದರಾಬಾದ ಸಂಸ್ಥಾನಕ್ಕೂ ಕೊನೆಗಾಲದಲ್ಲಿ ತನ್ನದೆಂಬ ಕಡಲ ದಂಡೆ ಇರಲಿಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರ ತಾಲೂಕುಗಳು ಉಸ್ಮಾನಾಬಾದ ಜಿಲ್ಲೆಗೆ ಸೇರಿ, ಆಗಿನ ಮುಂಬಯಿ ರಾಜ್ಯದ ಪಾಲಾದವು. ಅಂದಿನಿಂದ ನಕಾಶೆಯ ಮೇಲೆ ಕೊಂಕಣದ ಕಡಲು ನಮ್ಮ ರಾಜ್ಯದ ಕಡಲಾಯಿತು. ಆದರೂ ಅದು ನಮಗೆ ದೂರವೇ ಉಳಿಯಿತು.

ಈಗ ಕಾಲ ಬದಲಾಗಿದೆ. ಎಂಟು ಹತ್ತು ಮಂದಿ ತರುಣರು ಒಟ್ಟುಗೂಡಿ, ಬೆನ್ನಿಗೆ ಚೀಲ ಹಾಕಿಕೊಂಡು ಕಡಲ ದಂಡೆಗೆ ಹೋಗುತ್ತಾರೆ. ಹಕ್ಕಿ ನೋಡುತ್ತಾರೆ, ಆಮೆ ನೋಡುತ್ತಾರೆ, ಯಾರದೋ ಮನೆಯಲ್ಲಿ ಉಂಡು ಮಲಗಿ ಬರುತ್ತಾರೆ. ಇಂಥವರಿಗೆ ಬ್ಯಾಕ್‌ಪ್ಯಾಕರ್ ಎಂದು ಹೆಸರು. ಇದು ಪರದೇಶದಿಂದ ಬಂದ ಶೋಕಿ ಎಂದು ನಮ್ಮ ಹಿರಿಯರು ಮೂಗು ಮುರಿಯುವುದುಂಟು. ಶೋಕಿ ಹೊಸದಿರಬಹುದು, ಹಾದಿ ಮಾತ್ರ ಹಳೆಯದು.

ಸುಮಾರು ಐದೂವರೆ ನೂರು ವರ್ಷಗಳ ಹಿಂದಿನ ಮಾತು. ರಷ್ಯಾ ದೇಶದ ವೋಲ್ಗಾ ನದಿಯ ದಂಡೆಯಲ್ಲಿ ತ್ವೇರ್ ಎಂಬ ಊರು. ಅಲ್ಲಿಯ ಅಫಾನಾಸಿ ನಿಕಿತಿನ್ ಎಂಬ ವ್ಯಾಪಾರಿ 1470ರ ಆಸುಪಾಸಿನಲ್ಲಿ ಕೊಂಕಣದ ಚೌಲ ಬಂದರಿನಲ್ಲಿ ಹಡಗಿನಿಂದ ಇಳಿದ. ಮಾರಲಿಕ್ಕೆ ಅವನ ಬಳಿ ಇದ್ದದ್ದು ಒಂದು ಕುದುರೆ. ಘಟ್ಟ ಹತ್ತಿ ಜುನ್ನರಕ್ಕೆ ಬಂದ, ಮಳೆಗಾಲದಲ್ಲಿ ಅಲ್ಲಿಯೇ ಸಿಕ್ಕಿಬಿದ್ದ. ನಾಲ್ಕು ತಿಂಗಳು ಹಗಲೂ ರಾತ್ರಿ ನೀರು, ಎಲ್ಲಿ ನೋಡಿದರಲ್ಲಿ ರಾಡಿ ಎಂದು ಬರೆದಿಟ್ಟಿದ್ದಾನೆ. ಅಲ್ಲಿಯ ಅಧಿಕಾರಿ ಅವನ ಕುದುರೆಯನ್ನು ಕಸಿದುಕೊಂಡ, ಹೇಗೋ ಬಿಡಿಸಿಕೊಂಡ. ಮುಂದೆ ಬಹಮನಿ ಸುಲ್ತಾನರ ರಾಜಧಾನಿಯಾದ ಬೀದರಕ್ಕೆ ಬಂದು ಸೇರಿದ.

ನಮ್ಮ ಕೇಳುಗರಿಗೆಲ್ಲ ಗೊತ್ತಿರುವ ಆಳಂದದ ವಿಷಯವೂ ಅವನ ಬರಹದಲ್ಲಿ ಬರುತ್ತದೆ. ಆಳಂದದ ಶೇಖ್ ಅಲಾವುದ್ದೀನರನ್ನು ನಾವು ಲಾಡ್ಲೆ ಮಶಾಕ ಎನ್ನುತ್ತೇವೆ. ಅವರ ಹೆಸರಿನಲ್ಲಿ ವರ್ಷಕ್ಕೊಮ್ಮೆ ದೊಡ್ಡ ಸಂತೆ ಕೂಡುತ್ತಿತ್ತು, ಅಲ್ಲಿಗೆ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವು ಎನ್ನುತ್ತಾನೆ. ಅದೇ ಆಳಂದದಲ್ಲಿ ರಾತ್ರಿ ಹಾರಾಡಿ ಕೂಗುವ ಒಂದು ಹಕ್ಕಿಯನ್ನೂ ಹೇಳುತ್ತಾನೆ. ಅವನು ಅದಕ್ಕೆ ಕೊಟ್ಟ ಹೆಸರು ಗುಕುಕ್. ಅದು ಯಾವ ಮನೆಯ ಮೇಲೆ ಕೂಡುತ್ತದೋ ಆ ಮನೆಯಲ್ಲಿ ಸಾವು ಎಂದು ಜನ ನಂಬುತ್ತಾರೆಂದೂ ಬರೆದಿದ್ದಾನೆ. ಗೂಗಿ ಕೂಗಿದರೆ ಅಪಶಕುನ ಎನ್ನುವ ಮಾತು ನಮ್ಮಲ್ಲಿ ಇಂದಿಗೂ ಇದೆಯಲ್ಲವೆ! ವೋಲ್ಗಾದ ವ್ಯಾಪಾರಿಗೆ ಇದನ್ನು ಹೇಳಿದವರು ನಮ್ಮ ಸೀಮೆಯ ಯಾರೋ ಮನೆಮಂದಿಯೇ ಇರಬೇಕು.

ಅವನಿಗೆ ಇದೆಲ್ಲ ತಿಳಿದದ್ದು ಹೇಗೆ? ಪರದೇಶದ ವ್ಯಾಪಾರಿಗಳು ಇಳಿದುಕೊಳ್ಳುವ ತಂಗುದಾಣಗಳಿದ್ದವು, ಅಲ್ಲಿಯ ಹೆಂಗಸರು ಅಡಿಗೆ ಮಾಡಿ ಬಡಿಸುತ್ತಿದ್ದರು. ಬೀದರದಲ್ಲಿ ಹಿಂದೂ ಮನೆತನಗಳ ವಿಶ್ವಾಸ ಗಳಿಸಿದ ಮೇಲೆ, ಅವರು ತಮ್ಮ ಊಟ, ವ್ಯಾಪಾರ, ಪೂಜೆ ಯಾವುದನ್ನೂ ತನ್ನಿಂದ ಮುಚ್ಚಿಡಲಿಲ್ಲ ಎನ್ನುತ್ತಾನೆ. ಅವರ ಜೊತೆಗೆ ಪರ್ವತ ಎಂದು ಅವನು ಕರೆಯುವ ಶ್ರೀಶೈಲದ ಜಾತ್ರೆಗೂ ಹೋಗಿಬಂದ. ದಂಡು ಕಟ್ಟಿಕೊಂಡು ಬಂದಿದ್ದರೆ ಈ ಯಾವುದೂ ಅವನಿಗೆ ಕಾಣುತ್ತಿರಲಿಲ್ಲ. ಒಬ್ಬಂಟಿಯಾಗಿದ್ದ, ಊಟಕ್ಕೂ ನೆರಳಿಗೂ ಊರವರನ್ನೇ ನೆಚ್ಚಿಕೊಂಡಿದ್ದ, ಅದಕ್ಕೇ ಊರವರು ಅವನಿಗೆ ಬಾಗಿಲು ತೆರೆದರು. ಕೊನೆಗೆ ಅವನು ನಮ್ಮ ದೇಶ ಬಿಟ್ಟು ಹೊರಟದ್ದು ಕೊಂಕಣದ ದಾಭೋಳ ಬಂದರಿನಿಂದ. ತನ್ನ ಊರನ್ನು ಮತ್ತೆ ಕಾಣಲಿಲ್ಲ, ಹಾದಿಯಲ್ಲೇ ತೀರಿಕೊಂಡ. ಬರಹ ಮಾತ್ರ ಉಳಿಯಿತು.

ಈ ರೀತಿಯ ನಡಿಗೆ ನಮಗೇನೂ ಹೊಸದಲ್ಲ. ಆಷಾಢದಲ್ಲಿ ಪಂಢರಪುರದ ದಿಂಡಿ ಹೊರಡುತ್ತದೆ. ಶೀಗಿ ಹುಣ್ಣಿಮೆ, ಅಂದರೆ ಮರಾಠಿಯವರ ಕೋಜಾಗಿರಿಯ ಹೊತ್ತಿಗೆ ತುಳಜಾಪುರದ ಹಾದಿ ತುಂಬ ನಡೆಯುವವರೇ. ನಾವು ಬುತ್ತಿ ಎನ್ನುತ್ತೇವೆ, ಅವರು ಶಿದೋರಿ ಎನ್ನುತ್ತಾರೆ, ಗಂಟು ಒಂದೇ. ಯಾವ ಊರಲ್ಲಿ ನೀರು, ಯಾರ ಅಂಗಳದಲ್ಲಿ ವಸ್ತಿ ಎಂಬುದು ದಿಂಡಿಯವರಿಗೆ ಬಾಯಿಪಾಠ. ಉಂಡ ಜಾಗವನ್ನು ಉಡುಗಿಯೇ ಮುಂದಕ್ಕೆ ಹೊರಡಬೇಕೆಂಬುದೂ ಹಿರಿಯರು ಕಲಿಸಿದ ರೀತಿ.

ಈಗ ಆ ದಾಭೋಳದ ಕಡಲಿಗೇ ಮತ್ತೆ ಹೋಗೋಣ. ಅಲ್ಲಿಂದ ಉತ್ತರಕ್ಕೆ, ಅದೇ ರತ್ನಾಗಿರಿ ಜಿಲ್ಲೆಯಲ್ಲಿ, ವೇಳಾಸ ಎಂಬ ಸಣ್ಣ ಹಳ್ಳಿ ಇದೆ. ಪೇಶವೆಯರ ಕಾಲದ ನಾನಾ ಫಡಣವೀಸರ ಮೂಲ ಊರು ಅದು. ಚಳಿಗಾಲದ ರಾತ್ರಿಗಳಲ್ಲಿ ಅಲ್ಲಿಯ ಮರಳಿಗೆ ಆಲಿವ್ ರಿಡ್ಲೆ ಎಂಬ ಜಾತಿಯ ಕಡಲಾಮೆಗಳು ಬರುತ್ತವೆ. ತಾಯಿ ಆಮೆ ಕಾಲಿನಿಂದ ಗುಂಡಿ ತೋಡಿ ನೂರರ ಸುಮಾರು ತತ್ತಿ ಇಟ್ಟು, ಮರಳು ಮುಚ್ಚಿ, ತಿರುಗಿ ನೋಡದೆ ಕಡಲಿಗೆ ಹೋಗಿಬಿಡುತ್ತದೆ. ಆಮೇಲೆ ತತ್ತಿಗೆ ದಿಕ್ಕಿಲ್ಲ. ನಾಯಿ ನರಿಗಳು ಕೆದರುತ್ತಿದ್ದವು, ಮನುಷ್ಯರೂ ಅಗೆದು ಒಯ್ದು ತಿನ್ನುತ್ತಿದ್ದರು, ಮಾರುತ್ತಿದ್ದರು.

2002ರಲ್ಲಿ ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯವರು ಕಡಲ ಹದ್ದುಗಳ ಗೂಡು ಎಣಿಸುತ್ತ ಈ ದಂಡೆಗೆ ಬಂದರು. ಆಮೆಯ ಗೂಡುಗಳು ಲೂಟಿಯಾಗಿದ್ದು ಕಂಡಿತು. ಆಮೆಯನ್ನು ಮುಟ್ಟಬಾರದೆಂಬ ಕಾಯದೆ ಮೊದಲಿನಿಂದಲೂ ಇತ್ತು. ಆದರೆ ಕತ್ತಲಲ್ಲಿ ಕಡಲ ದಂಡೆ ಕಾಯುವವರು ಯಾರು? ಅವರು ಊರವರನ್ನೇ ಕಾವಲಿಗೆ ಹಚ್ಚಿದರು. ತತ್ತಿಗಳನ್ನು ತೆಗೆದು ಬೇಲಿಯೊಳಗೆ ಅಷ್ಟೇ ಆಳದ ಗುಂಡಿಯಲ್ಲಿಟ್ಟರು. ಒಂದೂವರೆ ಎರಡು ತಿಂಗಳಿಗೆ ಮರಿಗಳು ಹೊರಬಂದಾಗ ಕಡಲಿಗೆ ಬಿಟ್ಟರು. ಕೆಲವು ವರ್ಷಗಳಲ್ಲಿ ಅದನ್ನು ನೋಡಲಿಕ್ಕೆ ಪುಣೆ, ಮುಂಬಯಿಗಳಿಂದ ಚೀಲ ಹೊತ್ತ ಗುಂಪುಗಳು ಬರತೊಡಗಿದವು. ಅವರು ಊರವರ ಮನೆಯಲ್ಲೇ ಇಳಿದರು, ಮನೆಯ ಹೆಣ್ಣುಮಕ್ಕಳು ಮಾಡಿದ ಅಡಿಗೆ ಉಂಡು ಹಣ ಕೊಟ್ಟರು. ತತ್ತಿ ಮಾರಿದರೆ ಒಂದು ಸಲದ ಗಳಿಕೆ. ಮರಿ ಬದುಕಿದರೆ ವರ್ಷ ವರ್ಷವೂ ಮನೆಗೆ ಅತಿಥಿಗಳು. ಈ ಲೆಕ್ಕ ಊರಿಗೆ ತಿಳಿಯಿತು.

ಹಾಗೆಂದು ಗುಂಪು ಹೆಚ್ಚಿದಷ್ಟೂ ಒಳ್ಳೆಯದೇ? ಅಲ್ಲ. 2024ರ ಜನವರಿ ಕೊನೆಯಲ್ಲಿ ದಕ್ಷಿಣ ಕನ್ನಡದ ಕುಮಾರಪರ್ವತಕ್ಕೆ ಒಮ್ಮೆಲೆ ಸಾವಿರಾರು ಜನ ಮುತ್ತಿದರು. ಕಾಡಿನ ಹಾದಿ ಜಾತ್ರೆಯಂತಾಯಿತು. ಕೊನೆಗೆ ಕರ್ನಾಟಕ ಸರಕಾರ, ಮುಂಗಡ ನೋಂದಣಿಯ ವ್ಯವಸ್ಥೆ ಆಗುವವರೆಗೆ ಇಂಥ ಚಾರಣಗಳನ್ನು ತಡೆಯಬೇಕಾಯಿತು. ಹತ್ತು ಮಂದಿ ಬಂದರೆ ಊರು ಸತ್ಕರಿಸುತ್ತದೆ, ಹತ್ತು ಸಾವಿರ ಬಂದರೆ ಊರೇ ಅಡಗಿ ಕೂಡಬೇಕಾಗುತ್ತದೆ. ಮರಳಿನ ಮೇಲೆ ಹೆಜ್ಜೆಗಳು ಹೆಚ್ಚಾದರೆ, ದೀಪಗಳು ಹೆಚ್ಚಾದರೆ, ಆಮೆ ತತ್ತಿ ಇಡದೆ ಹಿಂದಕ್ಕೆ ಹೋಗುತ್ತದೆ.

ಇನ್ನು ನಮ್ಮ ಮಗ್ಗುಲಿನ ಸಂಗತಿ. ಸೊಲ್ಲಾಪುರದ ಹತ್ತಿರ ನಾನ್ನಜದಲ್ಲಿ ಮಾಳಢೋಕ ಹಕ್ಕಿಗಾಗಿ 1979ರಲ್ಲಿ ಅಭಯಾರಣ್ಯ ಘೋಷಣೆಯಾಯಿತು. ನಮ್ಮಲ್ಲಿ ಕೆಲವರು ಎರೆಭೂತ ಎನ್ನುವ ದೊಡ್ಡ ಹಕ್ಕಿ ಅದು. ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಲ್ಲಿ ಸುಮಾರು 8500 ಚದರ ಕಿಲೋಮೀಟರ್ ಅದರ ಗಡಿಯೊಳಗೆ ಬಂತು. ರೈತರ ಹೊಲಗಳೂ ಊರುಗಳೂ ಅದರಲ್ಲೇ ಸಿಕ್ಕವು. ಹಕ್ಕಿಯ ಹೆಸರಿನಲ್ಲಿ ನಿರ್ಬಂಧ ಬಂತೇ ಹೊರತು ಮನೆಗೆ ಅತಿಥಿಗಳು ಬರಲಿಲ್ಲ. ಮುಂದೆ ಗಡಿಯನ್ನು ಬಹಳ ಕಡಿಮೆ ಮಾಡಿದರು. ಹುಲ್ಲುಗಾವಲು ಹೋಗಿ ಕಬ್ಬು ಬಂತು, ವಿದ್ಯುತ್ ತಂತಿಗಳು ಬಂದವು. ಕಾರಣಗಳು ಹಲವು. ಈಗ ಅಲ್ಲಿ ಆ ಹಕ್ಕಿ ಕಂಡರೆ ಅದೇ ಸುದ್ದಿ.

ವೇಳಾಸದ ಆಮೆಗೆ ಊರು ತನ್ನದಾಯಿತು, ನಾನ್ನಜದ ಹಕ್ಕಿಗೆ ಆಗಲಿಲ್ಲ. ಎರಡನ್ನೂ ಎದುರಿಗಿಟ್ಟುಕೊಂಡು ನಾವು ಯೋಚಿಸಬೇಕು. ಖರೋಸಾದ ಗುಹೆಗಳಿವೆ, ಉದಗೀರದ ಕೋಟೆ ಇದೆ, ಮಾಂಜರಾ ನದಿಯ ದಂಡೆಗಳಿವೆ. ನಾಳೆ ನಮ್ಮಲ್ಲಿಗೂ ಚೀಲ ಹೊತ್ತ ಹುಡುಗರು ಬಂದಾರು. ಅವರಿಗೆ ಯಾರ ಮನೆಯಲ್ಲಿ ರೊಟ್ಟಿ, ಒಂದು ಸಲಕ್ಕೆ ಎಷ್ಟು ಮಂದಿ, ಕಸ ಎಲ್ಲಿ ಹೋಗಬೇಕು, ಇದನ್ನು ಅವರು ಬರುವ ಮೊದಲೇ ಊರಿನ ಕಟ್ಟೆಯ ಮೇಲೆ ಕೂತು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಕೊನೆಗೊಂದು ಸುದ್ದಿ. 2021ರಲ್ಲಿ ಒಡಿಶಾದ ದಂಡೆಯಲ್ಲಿ ಗುರುತಿನ ಬಿಲ್ಲೆ ಹಾಕಿ ಬಿಟ್ಟ ಒಂದು ಕಡಲಾಮೆ, 2025ರ ಜನವರಿಯಲ್ಲಿ ರತ್ನಾಗಿರಿ ಜಿಲ್ಲೆಯ ಗುಹಾಗರದಲ್ಲಿ ತತ್ತಿ ಇಟ್ಟಿತು. ನಡುವೆ ಸುಮಾರು 3500 ಕಿಲೋಮೀಟರ್ ಕಡಲು. ಆ ರಾತ್ರಿ ಬಿಲ್ಲೆಯ ಅಂಕಿ ಓದಿ ಬರೆದುಕೊಳ್ಳಲಿಕ್ಕೆ ಮರಳಿನ ಮೇಲೆ ಎಚ್ಚರವಿದ್ದವರೊಬ್ಬರು ಇದ್ದರು. ಅದಕ್ಕೇ ಈ ಸುದ್ದಿ ನಮಗೂ ಸಿಕ್ಕಿತು.